ಪಾದಚಾರಿ ಮಾರ್ಗದಲ್ಲಿ ಉಡುಪು ವಿನ್ಯಾಸಕರೊಬ್ಬರ ಸ್ಮರಣಫಲಕ ಕೂರಿಸುವ ಕ್ರಮ

ನ್ಯೂಯಾರ್ಕ್ ನಗರದ ಏಳನೆಯ ಅವೆನ್ಯೂ ಸುಮಾರು ಒಂದು ಶತಮಾನದಿಂದ ಸಿದ್ಧ ಉಡುಪಿನ ಕಸುಬಿಗೆ ಹೆಸರಾದ ರಸ್ತೆ. ಅದರ ಪೂರ್ವ ಬದಿಯ ಪಾದಚಾರಿ ಮಾರ್ಗದಲ್ಲಿ, 35ನೆಯ ಬೀದಿಯಿಂದ 41ನೆಯ ಬೀದಿಯವರೆಗೆ, ನೆಲಕ್ಕೆ ಸಮನಾಗಿ ಕೂರಿಸಿದ ಬಿಳಿಗಂಚಿನ ದುಂಡು ಫಲಕಗಳಿವೆ. 2000ನೆಯ ಇಸವಿಯಲ್ಲಿ ಆರಂಭವಾದ ಈ ಸಾಲಿನಲ್ಲಿ ಕ್ಲೇರ್ ಮೆಕಾರ್ಡೆಲ್, ಹಾಲ್‌ಸ್ಟನ್, ಕಾಲ್ವಿನ್ ಕ್ಲೈನ್, ರಾಲ್ಫ್ ಲಾರೆನ್ ಮೊದಲಾದ ವಿನ್ಯಾಸಕರ ಹೆಸರುಗಳಿವೆ. ಸುಮಾರು ಎರಡೂವರೆ ಅಡಿ ವ್ಯಾಸದ ಫಲಕದ ಮೇಲೆ ಆ ವಿನ್ಯಾಸಕರು ಬರೆದ ಉಡುಪಿನ ರೇಖಾಚಿತ್ರ, ಅವರ ಸಹಿ ಮತ್ತು ಅವರ ಕೆಲಸದ ಬಗ್ಗೆ ನಾಲ್ಕು ಮಾತು ಇರುತ್ತವೆ. ಅದೇ ರಸ್ತೆಯ 555ನೆಯ ಸಂಖ್ಯೆಯ ಕಟ್ಟಡದ ಎದುರು, ಹೊಲಿಗೆ ಯಂತ್ರದ ಮೇಲೆ ಬಾಗಿ ಕುಳಿತ ದರ್ಜಿಯೊಬ್ಬರ ದೊಡ್ಡ ಕಂಚಿನ ವಿಗ್ರಹವಿದೆ. ಶಿಲ್ಪಿ ಜುಡಿತ್ ವೆಲ್ಲರ್ ಅದನ್ನು 1984ರಲ್ಲಿ ತಮ್ಮ ತಂದೆಯನ್ನು ನೆನೆದು ರೂಪಿಸಿದರು. ಬಟ್ಟೆಯ ಗೆರೆಯನ್ನು ಕಲ್ಪಿಸಿದವರಿಗೂ ಅದನ್ನು ಹೊಲಿದ ಕೈಗೂ ಒಂದೇ ರಸ್ತೆಯಲ್ಲಿ ಜಾಗ ಸಿಕ್ಕಿರುವುದು ದರ್ಜಿಯ ಮಗನಾದ ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಅಂಥದೊಂದು ಫಲಕವನ್ನು ಕಾರವಾರದಲ್ಲೋ, ಅಂಕೋಲೆ, ಕುಮಟೆಗಳಲ್ಲೋ ಹಾಕಿಸಬೇಕೆಂದು ಬಯಸುವ ಸಂಘ ಸಂಸ್ಥೆಗಳಿಗಾಗಿ ಈ ಬರಹವನ್ನು ಸಿದ್ಧಪಡಿಸಿದ್ದೇನೆ. ನಮ್ಮ ಕರಾವಳಿಯಲ್ಲಿ ಹೆಸರು ಉಳಿಸುವ ಪದ್ಧತಿ ಹೊಸದೇನಲ್ಲ. ಇಪ್ಪತ್ತೆರಡರ ಹರೆಯದಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು ಕೆಲವು ಕಾಲ ಉಳಿದಿದ್ದ ರವೀಂದ್ರನಾಥ ಟಾಗೋರರ ಹೆಸರನ್ನು ಕಾರವಾರದ ಕಡಲತೀರ ಇಂದಿಗೂ ಹೊತ್ತಿದೆ. ಆದರೆ ಕವಿಗೆ, ಹೋರಾಟಗಾರನಿಗೆ, ರಾಜಕಾರಣಿಗೆ ಸಲ್ಲುವ ಈ ಗೌರವ ಉಡುವ ಬಟ್ಟೆಯ ಬಗ್ಗೆ ಬದುಕಿಡೀ ಯೋಚಿಸಿದವರಿಗೆ ಸಂದದ್ದು ಬಹಳ ಕಡಿಮೆ.

ಮಾತು ಗಾಳಿಯಲ್ಲಿ ಹೋಗಬಾರದೆಂದು ಒಂದು ಉದಾಹರಣೆಯನ್ನು ಹಿಡಿದುಕೊಂಡೇ ಮುಂದುವರಿಯುತ್ತೇನೆ. ಗೋವೆಯ ಉಡುಪು ವಿನ್ಯಾಸಕ ವೆಂಡೆಲ್ ರಾಡ್ರಿಕ್ಸ್ ಅವರು 1960ರಲ್ಲಿ ಹುಟ್ಟಿ, 2014ರಲ್ಲಿ ಪದ್ಮಶ್ರೀ ಪಡೆದು, 2020ರ ಫೆಬ್ರುವರಿ 12ರಂದು ತಮ್ಮ ಊರಾದ ಕೊಲ್ವಾಳೆಯಲ್ಲಿ ತೀರಿಕೊಂಡರು. ಆಡಂಬರವಿಲ್ಲದ, ಸೆಕೆಯ ನಾಡಿಗೆ ಒಪ್ಪುವ ಹಗುರ ಉಡುಪುಗಳಿಗೆ ಅವರು ಹೆಸರಾಗಿದ್ದರು. ಜೊತೆಗೆ, ಗದ್ದೆಯ ಕೆಲಸಕ್ಕೆ ಅನುಕೂಲವಾಗುವಂತೆ ಗಿಡ್ಡಗೆ ಉಟ್ಟು ಹೆಗಲ ಮೇಲೆ ಗಂಟು ಹಾಕುವ, ಕೆಂಪು ಚೌಕಳಿಯ ಕುಣಬಿ ಸೀರೆ ಮರೆಯಾಗುತ್ತಿದ್ದಾಗ ಅದನ್ನು ಮತ್ತೆ ಮಗ್ಗಕ್ಕೆ ತಂದರು. ಕುಣಬಿ ಸಮುದಾಯ ಗೋವೆಗೆ ಮಾತ್ರ ಸೇರಿದ್ದಲ್ಲ, ನಮ್ಮ ಜೋಯಿಡಾದ ಕಾಡಿನಂಚಿನ ಹಳ್ಳಿಗಳಲ್ಲೂ ಇದೆ. ಆದ್ದರಿಂದ ಅವರ ಹೆಸರಿನ ಫಲಕವೊಂದು ಕಾರವಾರದ ನೆಲದಲ್ಲಿದ್ದರೆ ಅಸಂಗತವಾಗದು ಎಂದು ನನ್ನ ಅಭಿಪ್ರಾಯ. ನಿಮ್ಮ ಆಯ್ಕೆ ಬೇರೆಯವರಾದರೂ ಕ್ರಮ ಇದೇ.

ಮೊದಲು ಎದುರಾಗುವ ಪ್ರಶ್ನೆ ಹಣದ್ದೂ ಅಲ್ಲ, ಅನುಮತಿಯದ್ದೂ ಅಲ್ಲ. ಕಾಲಡಿಗೆ ಹೆಸರು ಹಾಕಬಹುದೇ ಎಂಬುದನ್ನು ಸಭೆಯಲ್ಲಿ ಹಿರಿಯರೊಬ್ಬರು ಕೇಳಿಯೇ ಕೇಳುತ್ತಾರೆ, ಮತ್ತು ಅವರು ಕೇಳುವುದು ಸರಿ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮ್ಮ ಜನಕ್ಕೆ ಅಕ್ಷರವನ್ನು ತುಳಿಯುವುದೆಂದರೆ ಸರಸ್ವತಿಯನ್ನೇ ತುಳಿದಂತೆ. ಈ ಅಳುಕು ನಮ್ಮಲ್ಲಿ ಮಾತ್ರ ಇರುವುದಲ್ಲ. ಜರ್ಮನಿಯ ಕಲಾವಿದ ಗುಂಟರ್ ಡೆಮ್ನಿಗ್ 1992ರಿಂದ, ನಾಜಿಗಳಿಗೆ ಬಲಿಯಾದವರ ಹೆಸರು ಕೆತ್ತಿದ ಹತ್ತು ಸೆಂಟಿಮೀಟರ್ ಚೌಕದ ಹಿತ್ತಾಳೆಯ ಮುಖದ ಕಲ್ಲುಗಳನ್ನು ಅವರು ವಾಸವಿದ್ದ ಮನೆಗಳ ಮುಂದಿನ ಕಾಲುದಾರಿಯಲ್ಲಿ ಕೂರಿಸುತ್ತ ಬಂದಿದ್ದಾರೆ. ಆ ಹೆಸರುಗಳು ಮತ್ತೊಮ್ಮೆ ಕಾಲಡಿಗೆ ಬೀಳಬಾರದು ಎಂಬ ವಾದವನ್ನು ಮನ್ನಿಸಿದ ಮ್ಯೂನಿಕ್ ನಗರಾಡಳಿತ 2004ರಲ್ಲಿ ತನ್ನ ಸಾರ್ವಜನಿಕ ಜಾಗಗಳಲ್ಲಿ ಅವುಗಳಿಗೆ ಅವಕಾಶ ನಿರಾಕರಿಸಿ, 2015ರಲ್ಲಿ ಅದೇ ನಿಲುವನ್ನು ಮತ್ತೆ ಎತ್ತಿಹಿಡಿಯಿತು. ಓದಬೇಕಾದವರು ತಲೆ ಬಾಗಿಸಲೇಬೇಕು, ಆದ್ದರಿಂದ ಅದು ಗೌರವವೇ ಎನ್ನುವವರೂ ಅಲ್ಲಿದ್ದಾರೆ.

ನಮ್ಮ ನೆಲದಲ್ಲಿ ಎರಡೂ ಭಾವನೆಗಳಿಗೆ ಆಧಾರವಿದೆ. ಅನೇಕ ದೇವಸ್ಥಾನಗಳ ಹೊಸ್ತಿಲ ಮುಂದೆ ಸಾಷ್ಟಾಂಗ ಮಲಗಿದ ಭಕ್ತರ ಉಬ್ಬುಚಿತ್ರಗಳನ್ನು ನೆಲಗಲ್ಲಿನಲ್ಲೇ ಕೆತ್ತಿದ್ದಾರೆ. ಬರುವ ಭಕ್ತರ ಪಾದಧೂಳಿ ತಮಗೆ ಸೋಕಲಿ ಎಂಬುದು ಅವರ ಹರಕೆ. ಮೆಟ್ಟಿಲುಗಳ ಮೇಲೆ ಸೇವಾರ್ಥ ಎಂದು ದಾನಿಗಳ ಹೆಸರು ಬರೆಸಿದ ಕಲ್ಲುಗಳನ್ನು ನಾವೆಲ್ಲ ಹತ್ತಿ ಇಳಿಯುತ್ತೇವೆ. ಹಳೆ ಗೋವೆಯ ಸಂತ ಫ್ರಾನ್ಸಿಸ್ ಅಸಿಸಿ ಚರ್ಚಿನ ನೆಲದಲ್ಲಿ ಸಮಾಧಿಗಲ್ಲುಗಳ ಸಾಲೇ ಇದೆ. ಆದರೆ ಅವೆಲ್ಲ ಆಯಾ ಜನ ತಾವೇ ಒಪ್ಪಿ, ಇಲ್ಲವೆ ಅವರ ಮನೆಯವರು ಒಪ್ಪಿ ಹಾಕಿಸಿದವು. ತೀರಿಕೊಂಡ ವಿನ್ಯಾಸಕರ ಪರವಾಗಿ ನಾವು ಆ ಒಪ್ಪಿಗೆಯನ್ನು ಊಹಿಸಿಕೊಳ್ಳುವಂತಿಲ್ಲ. ಅದಕ್ಕಾಗಿ ಫಲಕವನ್ನು ನಡಿಗೆಯ ಹಾದಿಯ ನಡುವಿನಲ್ಲಿ ಹಾಕದೆ ಕಾಂಪೌಂಡ್ ಗೋಡೆಯ ಬುಡಕ್ಕೆ, ಮರದ ಕಟ್ಟೆಯ ಪಕ್ಕಕ್ಕೆ ಅಥವಾ ಕೂರುವ ಬೆಂಚಿನ ಮುಂದಕ್ಕೆ ಹಾಕುವುದು ಒಳ್ಳೆಯದು: ಕಣ್ಣು ಬೀಳುತ್ತದೆ, ಕಾಲು ಬೀಳುವುದು ಕಡಿಮೆ.

ಜಾಗ ಸರಿಯೋ ಎಂದು ತಿಳಿಯಲು ಖರ್ಚಿಲ್ಲದ ಒಂದು ಪರೀಕ್ಷೆಯಿದೆ, ಇದನ್ನು ತಪ್ಪಿಸಬೇಡಿ. ಫಲಕದ ಅಳತೆಯ ವೃತ್ತವನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಎಳೆದು, ಅದರೊಳಗೆ ಹೆಸರನ್ನು ದೊಡ್ಡದಾಗಿ ಬರೆದು, ಎದುರಿನ ಅಂಗಡಿಯ ಜಗಲಿಯಲ್ಲಿ ಒಂದು ಸಂಜೆ ಕುಳಿತು ನೋಡಬೇಕು. ಸಾಧ್ಯವಾದರೆ ಭಾನುವಾರ, ಕಾರವಾರದ ಸಂತೆಯ ದಿನ, ಮೀನಿನ ಬುಟ್ಟಿ, ತರಕಾರಿ ಚೀಲ ಹೊತ್ತವರು ಓಡಾಡುವ ಹೊತ್ತಿನಲ್ಲಿ ನೋಡಬೇಕು. ನಾನು ಹೀಗೆ ಕುಳಿತ ಒಂದು ಸಂಜೆ, ವಯಸ್ಸಾದ ಹೆಂಗಸೊಬ್ಬರು ವೃತ್ತದ ಅಂಚಿಗೆ ಬಂದವರು ಗಕ್ಕನೆ ನಿಂತು, ಬರೆದದ್ದೇನೆಂದು ಓದದೆಯೇ, ಸೀರೆಯ ನೆರಿಗೆಯನ್ನು ತುಸು ಎತ್ತಿ ಹಿಡಿದು, ಅದನ್ನು ಬಳಸಿಕೊಂಡು ರಸ್ತೆಗೆ ಇಳಿದು ಮತ್ತೆ ಮೇಲೆ ಹತ್ತಿದರು. ವಾಹನಗಳು ಓಡುವ ರಸ್ತೆಗೆ ಅವರನ್ನು ಇಳಿಸಿದ್ದು ನಮ್ಮ ವೃತ್ತ. ಅಂದೇ ಆ ಜಾಗವನ್ನು ಕೈಬಿಟ್ಟು, ಅದೇ ಬೀದಿಯಲ್ಲಿ ಗೋಡೆಗೆ ಒತ್ತಿದ ಇನ್ನೊಂದು ಮೂಲೆಯನ್ನು ಗೊತ್ತು ಮಾಡಿದೆವು. ಪಾದಚಾರಿ ಮಾರ್ಗಗಳ ಕುರಿತ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಉಳಿದಿರಬೇಕು. ಫಲಕವನ್ನು ಬಳಸಿ ಹೋಗುವವರಿಗೂ ಆ ಅಗಲ ಸಿಗುವಂಥ ಜಾಗವೇ ಬೇಕು. ಅಂಧರಿಗೆ ದಾರಿ ತೋರುವ ಉಬ್ಬುಗೆರೆಯ ಹಳದಿ ಟೈಲ್ಸ್ ಇದ್ದಲ್ಲಿ ಅದರ ಹತ್ತಿರಕ್ಕೂ ಹೋಗಬಾರದು, ಏಕೆಂದರೆ ಫಲಕದ ಉಬ್ಬಕ್ಷರ ಅವರ ಕೋಲಿಗೆ ತಪ್ಪು ಸೂಚನೆ ಕೊಡುತ್ತದೆ.

ಅನುಮತಿ ಕೇಳುವ ಮೊದಲು ಆ ನೆಲ ಯಾರದೆಂದು ತಿಳಿಯಬೇಕು. ಊರೊಳಗಿನ ಬೀದಿಯಾದರೆ ಕಾರವಾರ, ಶಿರಸಿಗಳಲ್ಲಿ ನಗರಸಭೆ, ಅಂಕೋಲೆ, ಕುಮಟೆಗಳಲ್ಲಿ ಪುರಸಭೆ, ಹೊನ್ನಾವರದಲ್ಲಿ ಪಟ್ಟಣ ಪಂಚಾಯತ. 66ನೆಯ ರಾಷ್ಟ್ರೀಯ ಹೆದ್ದಾರಿಯ ಅಂಚಾದರೆ ಹೆದ್ದಾರಿ ಪ್ರಾಧಿಕಾರ. ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆ. ಕಡಲಿಗೆ ತೀರ ಹತ್ತಿರವಾದರೆ ಕರಾವಳಿ ನಿಯಂತ್ರಣ ವಲಯದ ನಿಯಮಗಳೂ ಸೇರಿಕೊಳ್ಳುತ್ತವೆ. ಇದಕ್ಕಿಂತ ಮುಖ್ಯವಾದ ಒಂದು ವಿಷಯವಿದೆ. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ರಸ್ತೆ ಹಾಗೂ ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆಯನ್ನಾಗಲಿ ಬೇರೆ ಕಟ್ಟಡವನ್ನಾಗಲಿ ನಿಲ್ಲಿಸಲು ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ಆದೇಶಿಸಿದೆ. ಆದ್ದರಿಂದ ಅರ್ಜಿಯಲ್ಲಿ ಸ್ಮಾರಕ ನಿರ್ಮಾಣ ಎಂದು ಬರೆದರೆ ಕಡತ ಅಲ್ಲಿಯೇ ನಿಲ್ಲುವ ಸಂಭವವಿದೆ. ನೆಲಹಾಸಿನ ಒಂದು ಭಾಗವನ್ನು ತೆಗೆದು ಅಷ್ಟೇ ಮಟ್ಟದ ಲೋಹದ ತುಂಡನ್ನು ಕೂರಿಸುತ್ತೇವೆ, ನೆಲದಿಂದ ಮೇಲಕ್ಕೆ ಏನೂ ಏಳುವುದಿಲ್ಲ ಎಂಬುದನ್ನು ಅಡ್ಡಛೇದದ ನಕ್ಷೆಯೊಂದಿಗೆ ಸ್ಪಷ್ಟಪಡಿಸಬೇಕು. ಇದು ಆದೇಶದ ವ್ಯಾಪ್ತಿಗೆ ಬರುತ್ತದೆಯೇ ಎಂಬ ಬಗ್ಗೆ ನಗರಸಭೆಯ ಕಾನೂನು ಸಲಹೆಗಾರರ ಲಿಖಿತ ಅಭಿಪ್ರಾಯವನ್ನು ಪೌರಾಯುಕ್ತರ ಮೂಲಕ ಕೇಳಬೇಕು. ಅಭಿಪ್ರಾಯ ಪ್ರತಿಕೂಲವಾಗಿ ಬಂದರೆ, ಯಾವುದಾದರೂ ಗ್ರಂಥಾಲಯದ, ಕಾಲೇಜಿನ ಇಲ್ಲವೆ ಜವಳಿ ಅಂಗಡಿಯ ಸ್ವಂತ ಅಂಗಳದಲ್ಲಿ, ಪಾದಚಾರಿ ಮಾರ್ಗಕ್ಕೆ ತಾಗಿದ ಅಂಚಿನಲ್ಲಿ ಹಾಕಬಹುದು. ದಾರಿಹೋಕರಿಗೆ ಕಾಣುವುದರಲ್ಲಿ ವ್ಯತ್ಯಾಸವಾಗದು. ಅರ್ಜಿಯ ಜೊತೆಗೆ, ಮುಂದೆ ಅದನ್ನು ನೋಡಿಕೊಳ್ಳುವವರು ಯಾರೆಂಬ ಒಪ್ಪಂದವನ್ನೂ ಲಗತ್ತಿಸಬೇಕು. ಚರಂಡಿ ಅಥವಾ ಕೇಬಲ್ಲಿಗಾಗಿ ಅಗೆಯುವಾಗ ಫಲಕವನ್ನು ಯಾರು ಎತ್ತಿ ಎಲ್ಲಿಡಬೇಕು ಎಂಬುದೂ ಅದರಲ್ಲಿರಲಿ.

ಇನ್ನು ಬರಹ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಬೇಡುವುದು ಇದೇ, ಅತಿ ಕಡಿಮೆ ಹೊತ್ತು ಪಡೆಯುವುದೂ ಇದೇ. ನಿಂತು ಬಾಗಿ ಓದುವವರು ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಿಲ್ಲ ಎಂದೇ ತಿಳಿದು ಬರೆಯಬೇಕು. ಹೆಸರು, ಇಸವಿ ಸೇರಿ ಇಪ್ಪತ್ತು ಪದ ದಾಟಬಾರದು. ವಿಶ್ವವಿಖ್ಯಾತ, ಅಪ್ರತಿಮ, ಹೆಮ್ಮೆಯ ಪುತ್ರ ಮುಂತಾದ ಮಾತುಗಳನ್ನು ಯಾರ ಫಲಕದ ಮೇಲೆ ಹಾಕಿದರೂ ಹೊಂದುತ್ತವೆ, ಆದ್ದರಿಂದ ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಆ ಒಬ್ಬರು ಮಾತ್ರ ಮಾಡಿದ ಒಂದು ಕೆಲಸವನ್ನು ಹುಡುಕಬೇಕು. ಕ್ಲೇರ್ ಮೆಕಾರ್ಡೆಲ್ ಅವರ ಬಗ್ಗೆ ನಾನು ಬರೆಯುವುದಾದರೆ, ಹೆಂಗಸರ ದಿನಬಳಕೆಯ ಉಡುಪಿಗೆ ಕೈ ಇಳಿಯುವಷ್ಟು ಜೇಬು ಇಟ್ಟವರು ಎಂದು ಬರೆದೇನು. ವೆಂಡೆಲ್ ಅವರಿಗೆ ನಾನು ಸೂಚಿಸುವ ಬರಹ ಹೀಗಿದೆ:

ವೆಂಡೆಲ್ ರಾಡ್ರಿಕ್ಸ್
1960–2020
ಉಡುಪು ವಿನ್ಯಾಸಕರು.
ಗದ್ದೆಯಲ್ಲಿ ದುಡಿದ ಹೆಂಗಸರ ಕುಣಬಿ ಸೀರೆಯನ್ನು
ಮತ್ತೆ ಮಗ್ಗಕ್ಕೆ ತಂದವರು.

ಇಲ್ಲಿ ಕ್ರಿಯಾಪದದ ಬಗ್ಗೆ ಎಚ್ಚರ ಬೇಕು. ಸೃಷ್ಟಿಸಿದರು ಎಂದರೆ ಸುಳ್ಳಾಗುತ್ತದೆ, ಏಕೆಂದರೆ ಆ ಸೀರೆಯನ್ನು ಸೃಷ್ಟಿಸಿದವರು ಅದನ್ನು ಉಟ್ಟು ನಾಟಿ ಮಾಡಿದ ಹೆಂಗಸರು ಮತ್ತು ಅದನ್ನು ನೇಯ್ದವರು. ಉಳಿಸಿದರು ಎಂದರೂ, ಉಡುತ್ತಲೇ ಬಂದ ಅಜ್ಜಿಯಂದಿರನ್ನು ಬದಿಗೆ ಸರಿಸಿದಂತಾಗುತ್ತದೆ. ಮತ್ತೆ ಮಗ್ಗಕ್ಕೆ ತಂದರು ಎಂಬುದು ಅವರ ಪಾಲಿನಷ್ಟನ್ನು ಮಾತ್ರ ಹೇಳುತ್ತದೆ. ಒಂದು ಸಮುದಾಯದ ಉಡುಗೆಯನ್ನು ಹೆಸರಿಸುವಾಗ ಆ ಸಮುದಾಯದ ಹಿರಿಯರಿಗೆ ಕರಡನ್ನು ಓದಿ ಹೇಳಿ ಒಪ್ಪಿಗೆ ಪಡೆಯುವುದು ನಮ್ಮ ಕರ್ತವ್ಯ. ಕುಣಬಿಗಳ ವಿಷಯದಲ್ಲಿ ಜೋಯಿಡಾಕ್ಕೆ ಒಮ್ಮೆ ಹೋಗಿಬರಲೇಬೇಕು. ಕೊಂಕಣಿಯಲ್ಲೂ ಒಂದು ಸಾಲು ಬೇಕೆಂದು ಕಾರವಾರದಲ್ಲಿ ಕೋರಿಕೆ ಬರುವುದು ಸಹಜ. ಕನ್ನಡವನ್ನು ಮೇಲೆ ದೊಡ್ಡದಾಗಿಟ್ಟು, ಕೊಂಕಣಿಯನ್ನು ಕೆಳಗೆ ಕನ್ನಡ ಲಿಪಿಯಲ್ಲಿ ಹಾಕಿದರೆ ಇಲ್ಲಿಯ ಹೆಚ್ಚಿನವರು ಎರಡನ್ನೂ ಓದಬಲ್ಲರು. ಮೂರನೆಯ ಭಾಷೆ ಸೇರಿಸಿದರೆ ಅಕ್ಷರ ಸಣ್ಣದಾಗಿ ಯಾರೂ ಓದದಂತಾಗುತ್ತದೆ.

ಹಳೆಯ ಶಾಸನಗಳಿಂದ ಕಲಿಯಬೇಕಾದ ಒಂದು ಸೌಜನ್ಯವಿದೆ. ಎಷ್ಟೋ ಕನ್ನಡ ಶಾಸನಗಳ ಕೊನೆಯಲ್ಲಿ ಪಾಠವನ್ನು ಬರೆದವನ ಹೆಸರೂ ಕಲ್ಲಿಗೆ ಇಳಿಸಿದ ರೂವಾರಿಯ ಹೆಸರೂ ಇರುತ್ತವೆ. ಬನವಾಸಿಯನ್ನು ತನ್ನೊಳಗೇ ಇಟ್ಟುಕೊಂಡಿರುವ ಜಿಲ್ಲೆಯವರಾದ ನಾವು ಅದನ್ನು ಮರೆಯಬಾರದು. ಉದ್ಘಾಟಿಸಿದ ಗಣ್ಯರ ಹೆಸರನ್ನು ಫಲಕದ ಮೇಲೆ ಹಾಕಬೇಡಿ. ಅಂಚಿನ ಸುತ್ತ ಸಣ್ಣ ಅಕ್ಷರದಲ್ಲಿ ಮಾದರಿ ಕೆತ್ತಿದವರ, ಎರಕ ಹೊಯ್ದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಹಾಕಿ.

ಚಿತ್ರದ ವಿಷಯದಲ್ಲಿ ನ್ಯೂಯಾರ್ಕಿನ ಮೇಲ್ಪಂಕ್ತಿಯೇ ಸರಿ: ಮುಖವನ್ನು ಬಿಟ್ಟು ಉಡುಪನ್ನು ತೋರಿಸಬೇಕು. ಎರಕದಲ್ಲಿ ಮುಖದ ಹೋಲಿಕೆ ಸುಲಭಕ್ಕೆ ಬರುವುದಿಲ್ಲ, ಬಂದರೂ ಮುಖವನ್ನು ತುಳಿಯುವ ಅಳುಕು ಅಕ್ಷರದ ಅಳುಕಿಗಿಂತ ಹೆಚ್ಚು. ಹೆಗಲ ಮೇಲಿನ ಒಂದು ಗಂಟು, ಅದರಿಂದ ಇಳಿದ ಮೂರೋ ನಾಲ್ಕೋ ನೆರಿಗೆಯ ಗೆರೆ, ಅಂಚಿನಲ್ಲಿ ಚೌಕಳಿಯ ಸುಳಿವು, ಇಷ್ಟು ಸಾಕು. ವಿನ್ಯಾಸಕರ ಸ್ವಂತ ರೇಖಾಚಿತ್ರವನ್ನು ಬಳಸುವುದಾದರೆ ವಾರಸುದಾರರ ಲಿಖಿತ ಅನುಮತಿ ಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕಲಾಕೃತಿಯ ಹಕ್ಕು ಕರ್ತೃವಿನ ಮರಣದ ಮರುವರ್ಷದಿಂದ 60 ವರ್ಷ ಉಳಿಯುತ್ತದೆ. 2020ರಲ್ಲಿ ತೀರಿಕೊಂಡವರ ಚಿತ್ರಕ್ಕೆ ಅದು 2080ರ ಕೊನೆಯವರೆಗೆ ಎಂದಾಯಿತು. ಅನುಮತಿ ಸಿಗದಿದ್ದರೆ ಸ್ಥಳೀಯ ಕಲಾವಿದರಿಂದ ಸೀರೆಯ ಉಡಿಗೆಯನ್ನೇ ಹೊಸದಾಗಿ ಬರೆಸಬೇಕು.

ಅಕ್ಷರ ಜೋಡಣೆಯಲ್ಲಿ ಕನ್ನಡಕ್ಕೆ ತನ್ನದೇ ಆದ ತೊಡಕುಗಳಿವೆ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಅಕ್ಷರದ ಎತ್ತರದಷ್ಟೇ ಜಾಗ ಬಿಡಬೇಕು. ಹೆಸರಿನ ಅಕ್ಷರ 30 ಮಿಲಿಮೀಟರ್, ಉಳಿದದ್ದು 18ರಿಂದ 20 ಮಿಲಿಮೀಟರ್ ಎತ್ತರವಿದ್ದರೆ ನಿಂತಲ್ಲಿಂದ ಓದಬಹುದು. ಅದಕ್ಕಿಂತ ಸಣ್ಣದಾದರೆ ಒತ್ತುಗಳ ಹೊಟ್ಟೆಯಲ್ಲಿ ಮರಳು ನಿಂತು ಎರಕ ಮುಚ್ಚಿಹೋಗುತ್ತದೆ. ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದ್ದನ್ನು ಹಳೆಯ ನುಡಿ ಅಕ್ಷರಶೈಲಿಗೆ ಪರಿವರ್ತಿಸುವಾಗ ಒತ್ತುಗಳೂ ಅರ್ಕಾವತ್ತೂ ಸ್ಥಳ ಬಿಟ್ಟು ಹೋಗುವುದು ಡಿಟಿಪಿ ಅಂಗಡಿಗಳಲ್ಲಿ ದಿನವೂ ನಡೆಯುವ ಸಂಗತಿ. ವೆಂಡೆಲ್ ರಾಡ್ರಿಕ್ಸ್ ಎಂಬ ಹೆಸರಂತೂ ಇದಕ್ಕೆ ಹೇಳಿ ಮಾಡಿಸಿದಂತಿದೆ: ನಡುವಿನ ಖಾಲಿ ಜಾಗ ಒಮ್ಮೆ ಬಿಟ್ಟುಹೋದರೆ ಲಕಾರಕ್ಕೆ ರಕಾರ ಒತ್ತಾಗಿ ಅಂಟಿಕೊಂಡು ವೆಂಡೆಲ್ರಾಡ್ರಿಕ್ಸ್ ಎಂದಾಗುತ್ತದೆ. ಆದ್ದರಿಂದ ಅಕ್ಷರವನ್ನು ಗೆರೆಚಿತ್ರವಾಗಿ ಪರಿವರ್ತಿಸಿದ ಕಡತವನ್ನೇ ಎರಕದವರಿಗೆ ಕೊಡಬೇಕು. ಅದಕ್ಕೂ ಮೊದಲು ನಿಜ ಅಳತೆಯ ಮುದ್ರಿತ ಪ್ರತಿಯನ್ನು ಮೂವರು ಬೇರೆ ಬೇರೆಯಾಗಿ, ಕೊನೆಯ ಸಾಲಿನಿಂದ ಮೇಲಕ್ಕೆ, ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಿ ಸಹಿ ಮಾಡಬೇಕು. ಮೇಲಿನಿಂದ ಕೆಳಕ್ಕೆ ಓದಿದರೆ ಮನಸ್ಸು ತಾನೇ ತಿದ್ದಿಕೊಂಡು ಓದಿಬಿಡುತ್ತದೆ.

ಲೋಹದ ಆಯ್ಕೆಯಲ್ಲಿ ನಮ್ಮ ಕಡಲಗಾಳಿಯನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ. ಇಲ್ಲಿ ನನ್ನದೇ ಒಂದು ನೋವಿನ ಅನುಭವವನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಸಂಸ್ಥೆಯ ಎದುರು, ಊರಿನ ಹಿರಿಯ ದರ್ಜಿಯೊಬ್ಬರ ನೆನಪಿಗೆ ಹಿತ್ತಾಳೆಯ ತಗಡನ್ನು ಕಬ್ಬಿಣದ ಸ್ಕ್ರೂಗಳಿಂದ ನೆಲಕ್ಕೆ ಬಿಗಿಸುವ ಕೆಲಸದಲ್ಲಿ ನಾನೂ ಕೈಜೋಡಿಸಿದ್ದೆ. ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ಸ್ಕ್ರೂಗಳ ಸುತ್ತ ಕೆಂಪು ಕಲೆ ಹರಡಿತು, ಮೂರನೆಯ ಮಳೆಗಾಲದಲ್ಲಿ ತುಕ್ಕು ಉಬ್ಬಿ ಕಾಂಕ್ರೀಟು ಸೀಳಿತು, ತಗಡಿನ ಒಂದು ಮೂಲೆ ಎದ್ದು ಶಾಲೆಯ ಹುಡುಗಿಯೊಬ್ಬಳ ಕಾಲಿಗೆ ತಾಗಿತು. ಮರುದಿನವೇ ಅದನ್ನು ಕಿತ್ತು ತೆಗೆಸಿದರು. ಆ ದರ್ಜಿಯವರ ಮನೆಯವರಿಗೆ ಮುಖ ತೋರಿಸುವುದು ನನಗೆ ಬಹಳ ಕಷ್ಟವಾಯಿತು. ಉಪ್ಪಿನ ತೇವದಲ್ಲಿ ಎರಡು ಬೇರೆ ಲೋಹಗಳು ತಾಗಿಕೊಂಡರೆ ಕೀಳಾದ ಲೋಹ, ಅಂದರೆ ಇಲ್ಲಿ ಕಬ್ಬಿಣ, ಬೇಗ ಕರಗುತ್ತದೆ ಎಂಬ ಸರಳ ಸಂಗತಿ ಆಗ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಹಿತ್ತಾಳೆಯೂ ಕಡಲಂಚಿಗೆ ಸಲ್ಲದು. ಉಪ್ಪಿನಂಶ ಅದರೊಳಗಿನ ಸತುವನ್ನು ಮೆಲ್ಲಗೆ ಹೊರಗೆಳೆದು, ಸೊರಗಿದ ತಾಮ್ರವನ್ನಷ್ಟೇ ಉಳಿಸುತ್ತದೆ. ಎರಕದವರು ಗನ್‌ಮೆಟಲ್ ಎನ್ನುವ, 85 ಪಾಲು ತಾಮ್ರಕ್ಕೆ ತವರ, ಸತು, ಸೀಸ ತಲಾ 5 ಪಾಲು ಬೆರೆತ ಕಂಚು ಇದಕ್ಕೆ ತಕ್ಕದ್ದು. ಬೈತಖೋಲ ಬಂದರಿನಲ್ಲಿ ದೋಣಿ ಯಂತ್ರ ದುರಸ್ತಿ ಮಾಡುವವರನ್ನು ಕೇಳಿದರೆ ಉಪ್ಪುನೀರಿನಲ್ಲಿ ಗನ್‌ಮೆಟಲ್ ಬುಷ್ ಹೇಗೆ ಬಾಳುತ್ತದೆಂದು ಅವರೇ ಹೇಳುತ್ತಾರೆ. ಸ್ಟೇನ್‌ಲೆಸ್ ಸ್ಟೀಲ್ ಬಳಸುವಲ್ಲೆಲ್ಲ 316 ದರ್ಜೆಯದೇ ಬೇಕು. ಅಡಿಗೆ ಪಾತ್ರೆಯ 304 ದರ್ಜೆಯದು ಕಡಲ ಹತ್ತಿರ ಚಹಾದ ಕಲೆಯಂತೆ ಕಂದುಗಟ್ಟುತ್ತದೆ. ಕಂಚಿಗೆ ಹಣ ಸಾಲದಿದ್ದರೆ ಕರಿಯ ಗ್ರಾನೈಟ್ ಆದೀತು, ಆದರೆ ನುಣುಪು ಮಾಡಿದ್ದು ಬೇಡ, ಒರಟು ಮಾಡಿದ್ದೇ ಬೇಕು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ನುಣುಪು ಕಲ್ಲಿನ ಮೇಲೆ ಹಾವಸೆ ಹಿಡಿದರೆ ಬಿದ್ದು ಕೈಕಾಲು ಮುರಿದುಕೊಳ್ಳುವವರಿಗೆ ಲೆಕ್ಕವಿಲ್ಲ. ಚಿರೆಕಲ್ಲು ನೋಡಲು ನಮ್ಮದೇ ಎನಿಸಿದರೂ ಅದರ ರಂಧ್ರಗಳಲ್ಲಿ ಅಕ್ಷರ ನಿಲ್ಲುವುದಿಲ್ಲ.

450 ಮಿಲಿಮೀಟರ್ ವ್ಯಾಸ, 12 ಮಿಲಿಮೀಟರ್ ದಪ್ಪದ ಕಂಚಿನ ಫಲಕ ಸುಮಾರು 17 ಕಿಲೋ ತೂಗುತ್ತದೆ. ನ್ಯೂಯಾರ್ಕಿನ ಎರಡೂವರೆ ಅಡಿಯ ಅಳತೆ ನಮ್ಮ ಇಕ್ಕಟ್ಟಾದ ಬೀದಿಗಳಿಗೆ ದೊಡ್ಡದು. ಎರಕಕ್ಕೆ ಬೇಕಾದ ಮರದ ಮಾದರಿಯನ್ನು ಕಂಪ್ಯೂಟರ್ ಯಂತ್ರದಲ್ಲಿ ಕೊರೆಸಬಹುದು. ಆದರೆ ಶಿರಸಿ, ಕುಮಟೆ, ಹೊನ್ನಾವರಗಳ ಗುಡಿಗಾರರಿಗೆ ಇದನ್ನು ಒಪ್ಪಿಸಬೇಕೆಂಬುದು ನನ್ನ ಆಗ್ರಹ. ಗಂಧದ ತುಂಡಿನಲ್ಲಿ ಬಳ್ಳಿಯ ಸುಳಿಯನ್ನು ಬಿಡಿಸುವ ಕೈಗೆ ಸೀರೆಯ ನೆರಿಗೆ ಚೆನ್ನಾಗಿ ಒಲಿಯುತ್ತದೆ. ಸಾಗುವಾನಿ ಹಲಗೆಯಲ್ಲಿ ಕೆತ್ತುವಾಗ ಮೂರು ಸಂಗತಿಗಳನ್ನು ಅವರಿಗೆ ತಿಳಿಸಬೇಕು. ಕಂಚು ಆರುವಾಗ ನೂರಕ್ಕೆ ಒಂದೂವರೆಯಷ್ಟು ಕುಗ್ಗುವುದರಿಂದ 450ಕ್ಕೆ 457 ಮಿಲಿಮೀಟರಿನ ಮಾದರಿ ಬೇಕು. ಮರಳಿನಿಂದ ಮಾದರಿಯನ್ನು ಮೇಲೆತ್ತುವಾಗ ಅಂಚು ಕುಸಿಯದಂತೆ ಅಕ್ಷರದ ಪಕ್ಕಗಳು ನೆಟ್ಟಗಿರದೆ ಹೊರಕ್ಕೆ ತುಸು ಇಳಿಜಾರಾಗಿರಬೇಕು. ಅಕ್ಷರ ಉಬ್ಬಾಗಿರಬೇಕು, 2 ಮಿಲಿಮೀಟರಿಗಿಂತ ಹೆಚ್ಚು ಬೇಡ. ಕೊರೆದ ಅಕ್ಷರದಲ್ಲಿ ನೀರು, ಮರಳು ತುಂಬುತ್ತವೆ. ಹಿನ್ನೆಲೆಯನ್ನು ಸಣ್ಣ ಚುಕ್ಕಿಗಳಿಂದ ಒರಟಾಗಿಸಿದರೆ ಕಾಲು ಜಾರುವುದಿಲ್ಲ. ಸುತ್ತಲಿನ ಅಂಚುಪಟ್ಟಿ ಅಕ್ಷರದಷ್ಟೇ ಎತ್ತರವಿದ್ದರೆ ಸವೆತವನ್ನು ಅದು ತಾನು ಹೊತ್ತುಕೊಳ್ಳುತ್ತದೆ, ಆದರೆ ತಟ್ಟೆಯಂತೆ ನೀರನ್ನೂ ಹಿಡಿದಿಡುತ್ತದೆ. ಅದಕ್ಕಾಗಿ ಇಳಿಜಾರಿನ ಕಡೆಗೆ ಬೆರಳಗಲದ ಎರಡು ಕಂಡಿಗಳನ್ನು ಬಿಡಿಸಬೇಕು. ಈ ಕಂಡಿಗಳನ್ನು ಮರೆತ ಫಲಕಗಳು ಆಷಾಢದಲ್ಲಿ ಸೊಳ್ಳೆಯ ತೊಟ್ಟಿಗಳಾಗುತ್ತವೆ.

ಕೂರಿಸುವ ಕೆಲಸಕ್ಕೆ ಡಿಸೆಂಬರಿನಿಂದ ಫೆಬ್ರುವರಿಯವರೆಗಿನ ಅವಧಿ ಉತ್ತಮ. ಇಂಟರ್‌ಲಾಕ್ ಇಟ್ಟಿಗೆಗಳ ಕೆಳಗಿನ ಮರಳಿನ ಹಾಸು 17 ಕಿಲೋದ ಲೋಹವನ್ನು ಅಲುಗದಂತೆ ಹಿಡಿಯಲಾರದು. ಆ ಭಾಗವನ್ನು ತೆಗೆಸಿ, ನೆಲವನ್ನು ದಮ್ಮಾಸು ಮಾಡಿಸಿ, 100 ಮಿಲಿಮೀಟರ್ ದಪ್ಪದ ಕಾಂಕ್ರೀಟ್ ಹಾಕಬೇಕು. ಗೌಂಡಿಗೆ ಖಡಾಖಂಡಿತವಾಗಿ ಹೇಳಬೇಕಾದದ್ದೆಂದರೆ, ಕಡಲ ಮರಳನ್ನಾಗಲಿ ಉಪ್ಪಿನಂಶದ ಬಾವಿ ನೀರನ್ನಾಗಲಿ ಗಾರೆಗೆ ಬಳಸಕೂಡದು. ಒದ್ದೆ ಗೋಣಿಚೀಲ ಹೊದಿಸಿ ಹತ್ತು ದಿನ ನೀರುಣಿಸಿದ ಮೇಲೆ ಫಲಕದ ಹಿಂಬದಿಗೆ ಎರಕದಲ್ಲೇ ಬಂದಿರುವ ನಾಲ್ಕು ಗುಬ್ಬಿಗಳಿಗೆ 316 ದರ್ಜೆಯ, ಸ್ಕ್ರೂವಿನಂತೆ ತಿರುಪು ಗೆರೆಯುಳ್ಳ ಸರಳುಗಳನ್ನು ತಿರುಗಿಸಿ ಕೂರಿಸಬೇಕು. ಪ್ಲೈವುಡ್ಡಿನ ಪಡಿಯಚ್ಚಿನಿಂದ ಕಾಂಕ್ರೀಟಿನಲ್ಲಿ ತೂತುಗಳನ್ನು ಗುರುತಿಸಿ ಕೊರೆದು, ಧೂಳನ್ನು ಊದಿ ತೆಗೆದು, ಎಪಾಕ್ಸಿ ತುಂಬಿ ಫಲಕವನ್ನು ಇಳಿಸಬೇಕು. ಮೇಲಿನಿಂದ ಸ್ಕ್ರೂ ಕಾಣದಿದ್ದರೆ ಕಳ್ಳರಿಗೂ ಕೈಗೆ ಸಿಗುವುದಿಲ್ಲ. ಕಂಚಿಗೆ ಗುಜರಿಯಲ್ಲಿ ಬೆಲೆಯಿದೆ ಎಂಬುದನ್ನು ನೆನಪಿಡಬೇಕು. ರಸಮಟ್ಟ ಇಟ್ಟು ಸುತ್ತಲಿನ ನೆಲದ ಇಳಿಜಾರಿಗೆ ಸರಿಹೊಂದಿಸಿದ ಮೇಲೆ, ಕಣ್ಣು ಮುಚ್ಚಿ ಅಂಗೈಯನ್ನು ಅಂಚಿನ ಮೇಲೆ ಎಲ್ಲ ಕಡೆಯೂ ಸರಿಸಿ ನೋಡಿ. ಕೈಗೆ ಎಲ್ಲಿ ತಡೆಯುತ್ತದೆಯೋ ಅಲ್ಲಿ ಬರಿಗಾಲಿಗೂ ತಡೆಯುತ್ತದೆ. ಸುತ್ತಲೂ ಬಿಟ್ಟ 5 ಮಿಲಿಮೀಟರ್ ಸಂದಿಗೆ ಸಿಮೆಂಟ್ ತುಂಬದೆ ರಬ್ಬರಿನಂತೆ ಬಾಗುವ ಸೀಲೆಂಟ್ ತುಂಬಿದರೆ ಏಪ್ರಿಲ್ ಬಿಸಿಲಿಗೆ ಲೋಹ ಹಿಗ್ಗಲು ಎಡೆಯಿರುತ್ತದೆ.

ಉದ್ಘಾಟನೆಗೆ ದೊಡ್ಡ ಪೆಂಡಾಲು ಬೇಡ. ಊರಿನ ದರ್ಜಿಗಳನ್ನೂ, ಸಾಧ್ಯವಾದರೆ ಆ ಸೀರೆಯನ್ನು ಇಂದಿಗೂ ಉಡುವ ಒಬ್ಬ ಹೆಂಗಸನ್ನೂ ಕರೆದು, ಫಲಕದ ಮೇಲೆ ಮುಚ್ಚಿದ ಬಟ್ಟೆಯನ್ನು ಅವರ ಕೈಯಿಂದಲೇ ಸರಿಸಿಸಬೇಕು.

ನಿರ್ವಹಣೆಯಲ್ಲಿ ನಮ್ಮ ಒಳ್ಳೆಯ ಅಭ್ಯಾಸವೇ ಮುಳುವಾಗುವ ಅಪಾಯವಿದೆ. ದೇವರ ಸಾಮಗ್ರಿಯನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ಫಳಫಳ ಹೊಳೆಯಿಸುವ ಜನ ನಾವು. ಮನೆಯೊಳಗಿನ ದೀಪಕ್ಕೆ ಅದು ಸರಿ, ಬಯಲಿನ ಕಂಚಿಗೆ ಸಲ್ಲದು. ಹುಳಿ ಅದರ ರಕ್ಷಣೆಯ ಕಂದು ಪದರವನ್ನೇ ತೆಗೆದುಹಾಕುತ್ತದೆ, ಉಪ್ಪು ಸಣ್ಣ ರಂಧ್ರಗಳಲ್ಲಿ ಉಳಿದು ತಿಳಿಹಸಿರು ಪುಡಿಯಾಗಿ ಲೋಹವನ್ನು ತಿನ್ನತೊಡಗುತ್ತದೆ. ಕಂದುಬಣ್ಣಕ್ಕೆ ತಿರುಗಿದ ಫಲಕ ಕೊಳೆಯಾದದ್ದಲ್ಲ ಎಂದು ಅಕ್ಕಪಕ್ಕದ ಅಂಗಡಿಯವರಿಗೆ ಮೊದಲೇ ತಿಳಿಸಿ ಹೇಳಬೇಕು, ಇಲ್ಲದಿದ್ದರೆ ಪ್ರೀತಿಯಿಂದಲೇ ಯಾರಾದರೂ ತಿಕ್ಕಿಬಿಡುತ್ತಾರೆ. ವರ್ಷಕ್ಕೆ ಎರಡು ಸಲ, ಮೇ ಕೊನೆಯ ವಾರ ಮತ್ತು ಅಕ್ಟೋಬರಿನಲ್ಲಿ, ಸಿಹಿನೀರಿಗೆ ಸೌಮ್ಯ ಸೋಪಿನ ದ್ರಾವಣ ಬೆರೆಸಿ ಮೆದು ಕೂದಲಿನ ಕುಂಚದಿಂದ ತೊಳೆದು, ಬಿಸಿಲಿಗೆ ಪೂರ್ತಿ ಒಣಗಿದ ಮೇಲೆ ಬಣ್ಣವಿಲ್ಲದ ಮೇಣವನ್ನು ತೆಳ್ಳಗೆ ಹಚ್ಚಿ ಹತ್ತಿಬಟ್ಟೆಯಿಂದ ಉಜ್ಜಬೇಕು. ಮೇಣ ಉಳಿದರೆ ಜಾರುತ್ತದೆ, ಆದ್ದರಿಂದ ಬಟ್ಟೆಗೆ ಏನೂ ಅಂಟದಷ್ಟು ಉಜ್ಜುವುದು ಮುಖ್ಯ. ಅಕ್ಟೋಬರಿನಲ್ಲಿ ಒತ್ತಕ್ಷರಗಳ ಸಂದಿಯಲ್ಲಿ ಮಳೆಗಾಲದ ಮರಳೂ ಹಾವಸೆಯೂ ಗಟ್ಟಿಯಾಗಿರುತ್ತವೆ. ಅದನ್ನು ಸೂಜಿಯಿಂದ ಕೀಳದೆ, ತುದಿ ಚೂಪು ಮಾಡಿದ ಬಿದಿರು ಕಡ್ಡಿಯಿಂದ, ನೆರಿಗೆಯ ಗೆರೆಯ ಉದ್ದಕ್ಕೂ ನಿಧಾನವಾಗಿ ಎಳೆದು ತೆಗೆಯಬೇಕು. ಪ್ರತಿ ಸಲವೂ ಅಂಚಿನ ಸೀಲೆಂಟ್ ಎಲ್ಲಾದರೂ ಬಿಟ್ಟಿದೆಯೇ ಎಂದು ಉಗುರಿನಿಂದ ಒತ್ತಿ ನೋಡಿ, ದಿನಾಂಕದೊಂದಿಗೆ ಒಂದು ಫೋಟೋ ತೆಗೆದು ಸಂಘದ ವಹಿಯಲ್ಲಿ ಅಂಟಿಸಿಡಬೇಕು.